ಕಡಿಮೆ ಖರ್ಚು, ಕಡಿಮೆ ತಲೆನೋವು: ನಮೀಬಿಯಾಕ್ಕೆ ಬೇಟೆಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಕಲೇಶಪುರದ ಕಡೆಯವನು. ಅಜ್ಜನ ಜೋಡುನಳಿಗೆ ಕೋವಿಯನ್ನು ಬೀರುವಿನೊಳಗೆ ನೋಡಿದ್ದು ಬಿಟ್ಟರೆ ಊರಲ್ಲಿ ಒಂದು ಈಡೂ ಹೊಡೆದವನಲ್ಲ. ಕೆಲಸಕ್ಕೆ ಅಂತ ಜರ್ಮನಿಗೆ ಬಂದೆ, ಇಲ್ಲಿಯ ಗೆಳೆಯರ ಜೊತೆ ನಮೀಬಿಯಾಕ್ಕೆ ಹೋದೆ, ಆಮೇಲೆ ಅದೇ ಚಟವಾಯಿತು. ನಾಲ್ಕು ಸಲ ಹೋಗಿ ಬಂದಿದ್ದೇನೆ. ಹೋಗಬೇಕು ಅನ್ನುವ ಕನ್ನಡದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ನಮ್ಮಲ್ಲಿ ಬೇಟೆ ನಿಷೇಧ ಅಲ್ವಾ? ಹೊರಗೆ ಹೋಗಿ ಆಡಿದರೆ ಕೇಸ್ ಆಗಲ್ವಾ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 1991ರ ತಿದ್ದುಪಡಿ ಆದಮೇಲೆ ಬೇಟೆ ಪೂರ್ತಿ ಬಂದ್. ನಮೀಬಿಯಾದಲ್ಲಿ ಅಲ್ಲಿನ ಸರ್ಕಾರವೇ ಪರ್ಮಿಟ್ ಕೊಟ್ಟು ಆಡಿಸುವ ಬೇಟೆ ಬೇರೆ ವಿಷಯ. ಅಲ್ಲಿ ಅದು ಕಾನೂನುಬದ್ಧ. ಊರಿನವರಿಗೆ ತೊಂದರೆ ಶುರುವಾಗುವುದು ಕೊಂಬೋ ಚರ್ಮವೋ ಹಿಡಿದು ಬೆಂಗಳೂರಿನಲ್ಲಿ ಇಳಿದಾಗ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ, ಅದನ್ನಂತೂ ಓದದೆ ಬಿಡಬೇಡಿ.

ಇಷ್ಟೊಂದು ದೇಶ ಇರುವಾಗ ನಮೀಬಿಯಾನೇ ಯಾಕೆ?

ಆಫ್ರಿಕಾದಲ್ಲಿ ಎಲ್ಲ ಕಡೆ ಬೇಟೆ ಇಲ್ಲ. ಕೀನ್ಯಾ 1977ರಲ್ಲೇ ನಿಲ್ಲಿಸಿತು. ಬೋಟ್ಸ್ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು, ಆದರೆ ಅಲ್ಲಿ ಹೋಗುವವರು ಹೆಚ್ಚಾಗಿ ಆನೆಯಂಥ ದೊಡ್ಡ ಪ್ರಾಣಿಗೆ ದೊಡ್ಡ ದುಡ್ಡು ಸುರಿಯುವವರು. ಟಾಂಜಾನಿಯಾ ಕೂಡ ಹಾಗೇ, ಸಿಂಹ ಬೇಕು ಅಂದರೆ 21 ದಿನದ ಸಫಾರಿ. ನಮ್ಮಂಥ ಸಂಬಳದವರಿಗೆ ಉಳಿಯುವುದು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾ. ಇವೆರಡರಲ್ಲೂ ಜಿಂಕೆ ಜಾತಿಯ ಪ್ರಾಣಿಗಳು, ಕಾಡುಹಂದಿಯಂಥ ವಾರ್ಟ್‌ಹಾಗ್ ಇವೆಲ್ಲ ಸಿಗುತ್ತವೆ. ಅಲ್ಲಿಯವರು ಇದಕ್ಕೆಲ್ಲ ಒಟ್ಟಾಗಿ ಪ್ಲೇನ್ಸ್ ಗೇಮ್ ಅನ್ನುತ್ತಾರೆ.

ಇವೆರಡರಲ್ಲಿ ನಾನು ನಮೀಬಿಯಾ ಅನ್ನುವುದಕ್ಕೆ ಕಾರಣ ಜಾಗ. 8 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ವಿಸ್ತಾರ, ಜನ ಸುಮಾರು 30 ಲಕ್ಷ. ಅಂದರೆ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡ ದೇಶದಲ್ಲಿ ಬೆಂಗಳೂರಿನ ಕಾಲು ಭಾಗದಷ್ಟು ಜನ! ಒಂದು ಫಾರ್ಮ್ ಅಂದರೆ ಸಾವಿರಾರು ಹೆಕ್ಟೇರ್. ಬೆಳಿಗ್ಗೆ ಹೊರಟರೆ ಸಂಜೆವರೆಗೂ ಇನ್ನೊಬ್ಬ ಮನುಷ್ಯನ ಮುಖ ಕಾಣಲ್ಲ. ದೊಡ್ಡ ಗಲಾಟೆ ಗದ್ದಲ ಇಲ್ಲದ ದೇಶ, ಇಂಗ್ಲಿಷ್ ಅಧಿಕೃತ ಭಾಷೆ, ರಸ್ತೆಯಲ್ಲಿ ನಮ್ಮ ಹಾಗೆ ಎಡಗಡೆ. 1884ರಿಂದ 1915ರವರೆಗೆ ಜರ್ಮನರ ಕೈಯಲ್ಲಿತ್ತು, ಹಾಗಾಗಿ ಎಷ್ಟೋ ಫಾರ್ಮ್‌ಗಳಲ್ಲಿ ಇವತ್ತಿಗೂ ಮನೆಮಾತು ಜರ್ಮನ್.

ಹಾಂ, 2022ರಲ್ಲಿ ಮಧ್ಯಪ್ರದೇಶದ ಕುನೋಗೆ ಬಂದ ಮೊದಲ ಎಂಟು ಚೀತಾ ಇದೇ ದೇಶದವು.

ದಕ್ಷಿಣ ಆಫ್ರಿಕಾ ಇನ್ನೂ ಸೋವಿ ಅಂತಾರಲ್ಲ?

ಕೆಲವು ಪ್ರಾಣಿಗಳಿಗೆ ಹೌದು. ವಿಮಾನಗಳೂ ಜಾಸ್ತಿ. ಪ್ರಾಣಿಗಳ ವೈವಿಧ್ಯವೂ ಜಾಸ್ತಿ. ಸ್ವಂತ ಕೋವಿ ಒಯ್ಯದೆ, ಪರಿಚಯದವರು ಹೇಳಿದ ಜಾಗಕ್ಕೆ ಹೋಗುವುದಾದರೆ ಅದೂ ಒಳ್ಳೆಯ ಆಯ್ಕೆಯೇ. ಆದರೆ ಅಲ್ಲಿ ಹೆಚ್ಚಿನ ಕಡೆ ಎತ್ತರದ ಬೇಲಿ. ಬೇಲಿಯೊಳಗೆ ಜಾಗ ದೊಡ್ಡದಿದ್ದರೆ ತೊಂದರೆಯಿಲ್ಲ, ಚಿಕ್ಕದಾದರೆ ಅದು ಬೇಟೆ ಅಲ್ಲ, ಕೋಳಿ ಗೂಡಿಗೆ ಕೈ ಹಾಕಿದ ಹಾಗೆ. ನಮೀಬಿಯಾದಲ್ಲೂ ಎತ್ತರದ ಬೇಲಿಯ ಫಾರ್ಮ್‌ಗಳಿವೆ. ಆದರೆ ಬರೀ ದನದ ಬೇಲಿ ಇರುವ ಫಾರ್ಮ್‌ಗಳು ಬೇಕಾದಷ್ಟು. ಕೂಡು ಅನ್ನುವ ದೊಡ್ಡ ಜಿಂಕೆ ಜಾತಿಯ ಪ್ರಾಣಿ ಆ ಬೇಲಿಯನ್ನು ನಿಂತ ಜಾಗದಿಂದಲೇ ಹಾರುತ್ತದೆ. ಗೆಮ್ಸ್‌ಬಾಕ್ ಅನ್ನುವ ಇನ್ನೊಂದು ತಲೆ ತಗ್ಗಿಸಿ, ಅಷ್ಟುದ್ದ ಕೊಂಬನ್ನು ಬೆನ್ನಿಗೆ ಅಂಟಿಸಿಕೊಂಡು ತಂತಿ ಕೆಳಗೆ ನುಸುಳುತ್ತದೆ. ಅದನ್ನೊಮ್ಮೆ ಕಣ್ಣಾರೆ ನೋಡಬೇಕು.

ಒಟ್ಟು ಎಷ್ಟಾಗುತ್ತೆ? ಸುತ್ತಿ ಬಳಸಿ ಹೇಳಬೇಡಿ.

ಸರಿ. ಯೂರೋಪಿನಿಂದ ಹೋಗುವವರ ಅಂದಾಜು ಹೇಳುತ್ತೇನೆ. ಇಬ್ಬರು ಗೆಳೆಯರು, ಒಬ್ಬ ಗೈಡ್, 5 ದಿನದ ಬೇಟೆ ಅಂದುಕೊಳ್ಳಿ.

ದಿನದ ದರ ಒಬ್ಬರಿಗೆ ಸುಮಾರು 200 ಯೂರೋ, ಐದು ದಿನಕ್ಕೆ 1000. ಇದರಲ್ಲಿ ಊಟ, ವಸತಿ, ಗೈಡ್, ಹೆಜ್ಜೆ ಹಿಡಿಯುವ ಟ್ರ್ಯಾಕರ್, ಜೀಪು ಎಲ್ಲ ಸೇರಿರಬೇಕು. ಪ್ರಾಣಿಗೆ ಬೇರೆ ದುಡ್ಡು, ಅದಕ್ಕೆ ಟ್ರೋಫಿ ಫೀ ಅನ್ನುತ್ತಾರೆ. ಒಂದು ಗೆಮ್ಸ್‌ಬಾಕ್, ಚಿಕ್ಕ ಜಿಂಕೆಯಂಥ ಒಂದು ಸ್ಪ್ರಿಂಗ್‌ಬಾಕ್, ಒಂದು ವಾರ್ಟ್‌ಹಾಗ್ ಅಂದರೆ ಮೂರಕ್ಕೂ ಸೇರಿ 1400 ಹತ್ತಿರ. ಬಾಡಿಗೆ ಕೋವಿ ದಿನಕ್ಕೆ 30, ಐದು ದಿನಕ್ಕೆ 150. ವಿಮಾನ ನಿಲ್ದಾಣದಿಂದ ಕರೆದೊಯ್ದು ಬಿಡುವುದಕ್ಕೆ 150. ಟಿಪ್ಸ್ 250. ವಿಮಾನ ಟಿಕೆಟ್ 900. ಎಲ್ಲ ಕೂಡಿದರೆ 3850 ಯೂರೋ. ಸುರುಳಿ ಕೊಂಬಿನ ಕೂಡು ಬೇಕು ಅಂದರೆ ಅದೊಂದಕ್ಕೇ ಇನ್ನೂ ಸಾವಿರದ ಮೇಲೆ.

ಫಾರ್ಮಿನಿಂದ ಫಾರ್ಮಿಗೆ ಇದು ಮೇಲೆ ಕೆಳಗೆ ಆಗುತ್ತದೆ. ನಾನು ಹೇಳುವುದು ಇಷ್ಟೇ: ದಿನದ ದರ ನೋಡಿ ಬಲೆಗೆ ಬೀಳಬೇಡಿ. ಎರಡನೇ ಸಲ ನಾನು ಬಿದ್ದೆ. ದಿನಕ್ಕೆ ಬರೀ 110 ಯೂರೋ ಅಂತ ಒಬ್ಬರು ಹೇಳಿದರು. ಖುಷಿಯಲ್ಲಿ ಹೋದೆ. ಕೊನೆ ದಿನ ಬಿಲ್ ಬಂತು ನೋಡಿ: ಜೀಪಿಗೆ ಕಿಲೋಮೀಟರ್ ಲೆಕ್ಕ, ಬಟ್ಟೆ ಒಗೆದದ್ದಕ್ಕೆ, ಕುಡಿಯುವ ನೀರಿನ ಬಾಟಲಿಗೆ, ಚರ್ಮ ಸುಲಿದದ್ದಕ್ಕೆ, ಎಲ್ಲದರ ಮೇಲೆ 15% ವ್ಯಾಟ್. ಮೊದಲ ಸಲ ಕೊಟ್ಟಿದ್ದಕ್ಕಿಂತ 400 ಯೂರೋ ಜಾಸ್ತಿ. ಈಗ ಬುಕ್ ಮಾಡುವ ಮೊದಲೇ ಒಂದು ಮೇಲ್ ಹಾಕುತ್ತೇನೆ: "ನಾನು ಇಂತಿಂಥ ಮೂರು ಪ್ರಾಣಿ ಹೊಡೆದು ವಾಪಸ್ ಹೊರಟರೆ ನಿಮ್ಮ ಕೈಗೆ ಒಟ್ಟು ಎಷ್ಟು ಕೊಡಬೇಕು? ವ್ಯಾಟ್ ಸೇರಿಸಿ ಒಂದೇ ಅಂಕಿ ಹೇಳಿ." ಅದಕ್ಕೆ ನೇರ ಉತ್ತರ ಕೊಡದವರ ಸಹವಾಸ ಬೇಡ.

ಪ್ಯಾಕೇಜ್ ತಗೊಳ್ಳಲಾ?

ದಿನದ ದರ, ಇಂತಿಂಥ ಪ್ರಾಣಿ ಎಲ್ಲ ಸೇರಿಸಿ ಒಂದೇ ಬೆಲೆ ಹೇಳುವುದು ಪ್ಯಾಕೇಜ್. ಮೊದಲ ಸಲ ತಗೊಳ್ಳಿ. ಪಟ್ಟಿಯಲ್ಲಿರುವ ಪ್ರಾಣಿ ಸಿಗದಿದ್ದರೆ ದುಡ್ಡು ವಾಪಸ್ಸಾ, ಇಲ್ಲವಾ ಅಂತ ಕೇಳಿಕೊಳ್ಳಿ. ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ವಾಪಸ್ ಇರಲ್ಲ.

ಗುಂಡು ತಾಗಿ ಪ್ರಾಣಿ ತಪ್ಪಿಸಿಕೊಂಡರೆ?

ಪೂರ್ತಿ ದುಡ್ಡು ಕೊಡಬೇಕು. ರಕ್ತದ ಒಂದು ಹನಿ ಕಂಡರೂ ಲೆಕ್ಕ ನಿಮ್ಮದೇ. ಇದು ಮೋಸ ಅಲ್ಲ, ಎಲ್ಲ ಕಡೆ ಇರುವ ನಿಯಮ, ನ್ಯಾಯವಾದದ್ದೇ.

ನನ್ನ ಮೊದಲ ಗೆಮ್ಸ್‌ಬಾಕ್ ಹಾಗೇ ಹೋಯಿತು. ಬೆಳಿಗ್ಗೆ ಏಳು ಗಂಟೆ ಇರಬಹುದು. ಒಣಗಿದ ಹೊಳೆಯ ಮರಳಿನಲ್ಲಿ ನಡೆಯುತ್ತಿದ್ದೆವು. ಟ್ರ್ಯಾಕರ್ ಕೈಯಲ್ಲಿ ಒಂದು ಹಳೇ ಕಾಲುಚೀಲ, ಅದರ ತುಂಬ ಒಲೆ ಬೂದಿ. ಹತ್ತು ಹೆಜ್ಜೆಗೊಮ್ಮೆ ಅದನ್ನು ಬೆರಳಿಂದ ತಟ್ಟುತ್ತಿದ್ದ. ಬೂದಿ ಹಾರಿದ ದಿಕ್ಕು ನೋಡಿ ನಮ್ಮನ್ನು ಬಲಕ್ಕೆ ತಿರುಗಿಸಿದ. ಮುಳ್ಳುಪೊದೆಯ ಆಚೆ ಮೊದಲು ಕಂಡದ್ದು ಎರಡು ನೇರ ಕಪ್ಪು ಗೆರೆ. ಕೊಂಬು ಅಂತ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಮೂರು ಕಾಲಿನ ಕೋಲಿನ ಮೇಲೆ ಕೋವಿ ಇಟ್ಟೆ, ಹೊಡೆದೆ. ಪ್ರಾಣಿ ಕುಗ್ಗಿತು, ಎದ್ದು ಓಡಿತು.

ಎಂಟು ಗಂಟೆ ಹೆಜ್ಜೆ ಹಿಡಿದೆವು. ಬಗ್ಗಿ ಒಂದು ಹುಲ್ಲಿನ ಎಸಳು ಮುರಿದು ಟ್ರ್ಯಾಕರ್ ನನಗೆ ತೋರಿಸಿದ. ಸಾಸಿವೆ ಕಾಳಿನಷ್ಟು ರಕ್ತ, ಆಗಲೇ ಒಣಗಿತ್ತು. ಅದೇ ಕೊನೆ, ಮುಂದೆ ಕಲ್ಲುನೆಲ. ಸಿಗಲಿಲ್ಲ. ದುಡ್ಡು ಹೋದದ್ದು ಹಾಗಿರಲಿ, ಆ ರಾತ್ರಿ ಊಟ ಸೇರಲಿಲ್ಲ.

ತಪ್ಪು ನನ್ನದು. ನಾನು ಎದೆಯ ನಡುಮಧ್ಯಕ್ಕೆ ಗುರಿ ಹಿಡಿದಿದ್ದೆ. ಅಲ್ಲಿನ ಪ್ರಾಣಿಗಳ ಹೃದಯ ಇನ್ನೂ ಕೆಳಗೆ, ಇನ್ನೂ ಮುಂದಕ್ಕೆ ಇರುತ್ತದೆ. ಅಡ್ಡ ನಿಂತಿದ್ದರೆ ಮುಂಗಾಲಿನ ಗೆರೆ ಹಿಡಿದು ಮೇಲೆ ಹೋಗಿ, ದೇಹದ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಹೋಗುವ ಮೊದಲು ಕೋಲಿನ ಮೇಲೆ ಕೋವಿ ಇಟ್ಟು, ನಿಂತುಕೊಂಡು ನೂರು ಮೀಟರಿಗೆ ಹೊಡೆದು ಅಭ್ಯಾಸ ಮಾಡಿ. ಮೇಜಿನ ಮೇಲೆ ಮೊಣಕೈ ಊರಿ ಹೊಡೆದ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರಲ್ಲ.

ನನ್ನ ಕೋವಿ ಒಯ್ಯಬಹುದಾ?

ಒಯ್ಯಬಹುದು. ಒಯ್ಯಬೇಡಿ.

ನಮೀಬಿಯಾದಲ್ಲಿ ಇದು ದೊಡ್ಡ ಕೆಲಸ ಅಲ್ಲ. ರಾಜಧಾನಿ ವಿಂಡ್‌ಹುಕ್‌ನ ಹೊಸಿಯಾ ಕುಟಾಕೊ ವಿಮಾನ ನಿಲ್ದಾಣದಲ್ಲೇ ಪೊಲೀಸರು ಫಾರಂ ನೋಡಿ, ಕೋವಿಯ ನಂಬರ್ ತಾಳೆ ಹಾಕಿ, ತಾತ್ಕಾಲಿಕ ಪರ್ಮಿಟ್ ಕೊಡುತ್ತಾರೆ. ಬೇಟೆಯ ಕೋವಿಗೆ ಮಾತ್ರ. ಪಿಸ್ತೂಲು, ಆಟೊಮ್ಯಾಟಿಕ್ ಬಿಡುವುದಿಲ್ಲ. ಕಷ್ಟ ಇರುವುದು ದಾರಿಯಲ್ಲಿ. ಕೆಲವು ವಿಮಾನ ಕಂಪನಿಗಳು ಕೋವಿ ಹತ್ತಿಸುವುದೇ ಇಲ್ಲ. ಹತ್ತಿಸುವವರು ಮೊದಲೇ ಒಪ್ಪಿಗೆ, ಬೀಗದ ಪೆಟ್ಟಿಗೆ, ತೋಟಾಗೆ ಬೇರೆ ಪೆಟ್ಟಿಗೆ, ಅದೂ ಒಬ್ಬರಿಗೆ 5 ಕಿಲೋ ಒಳಗೆ ಅನ್ನುತ್ತಾರೆ. ವಿಮಾನ ಬದಲಿಸುವ ಪ್ರತಿ ದೇಶಕ್ಕೂ ಅದರದೇ ಕಾನೂನು. ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು ದಕ್ಷಿಣ ಆಫ್ರಿಕಾದಲ್ಲೇ ಬೇಟೆ ಅಂದರೆ ಎಸ್‌ಎಪಿಎಸ್ 520 ಅನ್ನುವ ಫಾರಂ. ಅದನ್ನು ಕಪ್ಪು ಇಂಕಿನಲ್ಲೇ ತುಂಬಬೇಕು, ಪೊಲೀಸರ ಎದುರಿಗೇ ಸಹಿ ಹಾಕಬೇಕು. ಅಮೆರಿಕದಿಂದ ಹೊರಡುವವರು ಹೊರಡುವ ಮೊದಲೇ ಅಲ್ಲಿನ ಕಸ್ಟಮ್ಸ್‌ನಲ್ಲಿ 4457 ಫಾರಂ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಸ್ವಂತ ಕೋವಿ ಮನೆಗೆ ತರುವಾಗ ಪ್ರಶ್ನೆ.

ಇದೆಲ್ಲ ದಿನಕ್ಕೆ 30 ಯೂರೋ ಬಾಡಿಗೆಯಲ್ಲಿ ಮುಗಿಯುತ್ತದೆ. ಬಾಡಿಗೆಗೆ ಸಾಮಾನ್ಯವಾಗಿ .308 ಅಥವಾ .30-06 ತೋಟಾದ ರೈಫಲ್ ಕೊಡುತ್ತಾರೆ. ಕೂಡು, ಗೆಮ್ಸ್‌ಬಾಕ್‌ಗೆ ಕಾನೂನು ಕೇಳುವುದು ಗುಂಡಿಗೆ ಕನಿಷ್ಠ 2700 ಜೂಲ್ ಶಕ್ತಿ, ಸ್ಪ್ರಿಂಗ್‌ಬಾಕ್‌ಗೆ 1350. ಈ ಎರಡೂ ಕೋವಿ ಅದಕ್ಕೆ ಧಾರಾಳವಾಗಿ ಸಾಕು. ಹೋದ ದಿನ ಸಂಜೆ ಗುರಿಹಲಗೆಗೆ ಮೂರು ನಾಲ್ಕು ಗುಂಡು ಹೊಡೆದು ನೋಡಿಕೊಳ್ಳಿ.

ನಾವು ಕೊಡಗಿನವರು, ನಮಗೆ ಲೈಸೆನ್ಸೇ ಬೇಡ. ಆದರೂ ತೊಂದರೆನಾ?

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ. ಅದು ನಮ್ಮ ದೇಶದ ಮಾತು. ಭಾರತದ ಗಡಿ ದಾಟಿದರೆ ಅದಕ್ಕೆ ಬೆಲೆ ಇಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಒಡೆದ ಕೋವಿ ಮನೆಯಲ್ಲೇ ಇರಲಿ, ಆ ಗುರಿ ಮಾತ್ರ ಜೊತೆಗೆ ತನ್ನಿ. ಅಂದಹಾಗೆ ನಮೀಬಿಯಾದಲ್ಲಿ ಅತಿಥಿ ಬೇಟೆಗಾರರು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಬೇಕಿಲ್ಲ. ನೋಂದಾಯಿತ ಗೈಡ್ ಪಕ್ಕದಲ್ಲೇ ಇರಬೇಕು, ಅಷ್ಟೇ. ಜರ್ಮನಿಯಲ್ಲಿ ಇದಕ್ಕೇ ತಿಂಗಳುಗಟ್ಟಲೆ ಓದಿಸುತ್ತಾರೆ!

ಕೊಂಬು, ಚರ್ಮ ಮನೆಗೆ ತರಬಹುದಾ?

ಭಾರತಕ್ಕೆ: ಆ ಯೋಚನೆಯನ್ನೇ ಬಿಡಿ. ವನ್ಯಪ್ರಾಣಿಯ ಅಂಗಾಂಗ ತರಲು ಬಿಡುವುದಿಲ್ಲ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಮುಂದಿನದು ಕೋರ್ಟು. "ನಮೀಬಿಯಾ ಪರ್ಮಿಟ್ ಇದೆ ಸಾರ್" ಅಂದರೆ ನಡೆಯಲ್ಲ. 2023ರಲ್ಲಿ ಹುಲಿ ಉಗುರಿನ ಗಲಾಟೆ ಎದ್ದಾಗ ಎಷ್ಟು ಮನೆಗಳಲ್ಲಿ ಅಜ್ಜನ ಕಾಲದ ಸರ ಬಿಚ್ಚಿಟ್ಟರು ನೆನಪಿದೆಯಲ್ಲ?

ಯೂರೋಪ್, ಅಮೆರಿಕದಲ್ಲಿ ಇರುವವರು ತರಬಹುದು. ಆದರೆ ಲೆಕ್ಕ ಹಾಕಿ. ಅಲ್ಲೇ ಕುದಿಸಿ, ಉಪ್ಪು ಹಾಕಿ, ಔಷಧಿಯಲ್ಲಿ ಅದ್ದಿ, ಪೆಟ್ಟಿಗೆ ಕಟ್ಟಿ, ಪಶುವೈದ್ಯರ ಪತ್ರ, ರಫ್ತು ಪರ್ಮಿಟ್ ಮಾಡಿಸಿ, ವಿಮಾನದಲ್ಲಿ ಕಳಿಸಿ, ಇಲ್ಲಿ ಏಜೆಂಟ್ ಹಿಡಿದು ಬಿಡಿಸಿಕೊಳ್ಳಬೇಕು. ಅಮೆರಿಕದಲ್ಲಾದರೆ ವನ್ಯಜೀವಿ ಇಲಾಖೆಗೆ 3-177 ಫಾರಂ ಬೇರೆ. ಮೂರು ತಲೆಗೆ ಇದೆಲ್ಲ ಸೇರಿ ಸುಲಭವಾಗಿ ಒಂದೂವರೆ ಎರಡು ಸಾವಿರ ಯೂರೋ ಮುಟ್ಟುತ್ತದೆ, ತಿಂಗಳುಗಟ್ಟಲೆ ಕಾಯಬೇಕು. ಪೂರ್ತಿ ಪ್ರವಾಸದ ಅರ್ಧ ಖರ್ಚು! ಮೊದಲ ಸಲ ತರಿಸಿದೆ. ಗೋಡೆಗೆ ಹಾಕಿದ ವಾರವೇ ಹೆಂಡತಿ ಅದನ್ನು ನೆಲಮಾಳಿಗೆಗೆ ಇಳಿಸಿದಳು. ಆಮೇಲೆ ಬರೀ ಫೋಟೋ. ಫಾರ್ಮಿನವರು ಕೊಂಬನ್ನು ಸಂತೋಷದಿಂದ ಇಟ್ಟುಕೊಳ್ಳುತ್ತಾರೆ.

ನನ್ನನ್ನು ಕೇಳಿದರೆ ಕಡಿಮೆ ಖರ್ಚಿನ, ರಗಳೆಯಿಲ್ಲದ ಬೇಟೆ ಅನ್ನುವುದು ಅರ್ಧಕ್ಕರ್ಧ ಈ ಎರಡರಲ್ಲೇ ಇದೆ. ಕೋವಿ ಒಯ್ಯಬೇಡಿ, ಕೊಂಬು ತರಬೇಡಿ. ದೇಶ ಯಾವುದು ಅನ್ನುವುದು ಆಮೇಲಿನ ಮಾತು.

ಯಾವ ತಿಂಗಳು ಒಳ್ಳೆಯದು?

ಬೇಟೆಯ ಕಾಲ ಫೆಬ್ರವರಿ 1ರಿಂದ ನವೆಂಬರ್ 30. ನಾನು ಹೇಳುವುದು ಮೇ ಕೊನೆ ಅಥವಾ ಜೂನ್ ಶುರು. ಮಳೆ ನಿಂತು ಹುಲ್ಲು ತಗ್ಗಿರುತ್ತದೆ, ಹಗಲು ಹಿತವಾಗಿರುತ್ತದೆ. ಜುಲೈ ಬಂದರೆ ಯೂರೋಪಿನ ಶಾಲೆಗಳಿಗೆ ರಜೆ, ಟಿಕೆಟ್ ಮುಟ್ಟಲಾಗದು. ಅಕ್ಟೋಬರ್‌ನಲ್ಲಿ ಸುಡು ಬಿಸಿಲು, ಆದರೆ ಎಲ್ಲ ಪ್ರಾಣಿಗಳೂ ನೀರಿಗೆ ಬರುತ್ತವೆ. ನಮ್ಮ ಮಲೆನಾಡಿನವರು ಮರಸು ಕೂರುವುದು ಅನ್ನುತ್ತಾರಲ್ಲ, ಹಾಗೆ ಕಾದು ಕೂರುವವರಿಗೆ, ಬಿಲ್ಲು ಹಿಡಿದವರಿಗೆ ಅದೇ ಸರಿಯಾದ ಕಾಲ.

ಒಳ್ಳೆಯ ಬೇಟೆ ಫಾರ್ಮ್ ಹುಡುಕುವುದು ಹೇಗೆ?

ಅಲ್ಲಿ 1974ರಿಂದ ವೃತ್ತಿಪರ ಬೇಟೆಗಾರರ ಸಂಘ ಇದೆ, ನಾಫಾ ಅಂತ ಕರೆಯುತ್ತಾರೆ. ಸದಸ್ಯರಾ ಅಂತ ನೋಡಿ. ಗೈಡ್ ಹೆಸರು ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಬೇಟೆ ಪರ್ಮಿಟ್ ನೀವು ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿ ತೆಗೆದಿಡುವುದು ಅವರ ಕೆಲಸ. ಪರ್ಮಿಟ್ ಕೈಯಲ್ಲಿ ನೋಡದೆ ಜೀಪು ಹತ್ತಬೇಡಿ.

ಕಳೆದ ವರ್ಷ ಹೋಗಿಬಂದ ಇಬ್ಬರ ನಂಬರ್ ಕೇಳಿ. ಅವರಿಗೆ ಫೋನ್ ಮಾಡಿ "ಹೇಗಿತ್ತು" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. "ಬೇಲಿ ಎಷ್ಟು ಎತ್ತರ? ದಿನಕ್ಕೆ ಎಷ್ಟು ಹೊತ್ತು ನಡೆದಿರಿ? ಕೊನೆ ಬಿಲ್‌ನಲ್ಲಿ ಹೊಸದೇನಿತ್ತು?" ಅಂತ ಕೇಳಿ. ಬಾಯಿ ಬಿಡುತ್ತಾರೆ.

ಹೊಡೆದ ಪ್ರಾಣಿಯ ಮಾಂಸ ಏನಾಗುತ್ತೆ?

ಒಂದು ಚೂರೂ ಹಾಳಾಗಲ್ಲ. ಮಾಂಸ ಫಾರ್ಮಿನವರದು. ಕೆಲಸಗಾರರ ಮನೆಗೆ, ಕ್ಯಾಂಪಿನ ಅಡುಗೆಗೆ, ಉಳಿದದ್ದು ಮಾರಾಟಕ್ಕೆ ಅಥವಾ ಬಿಲ್ಟಾಂಗ್‌ಗೆ. ಬಿಲ್ಟಾಂಗ್ ಅಂದರೆ ವಿನೆಗರ್, ಉಪ್ಪು, ಕೊತ್ತಂಬರಿ ಬೀಜದ ಪುಡಿ ಹಚ್ಚಿ ನೇತುಹಾಕಿ ಒಣಗಿಸಿದ ಮಾಂಸ. ನಮ್ಮ ಬಾಯಿಗೆ ಬೇಗ ಹಿಡಿಸುತ್ತದೆ. ರಾತ್ರಿ ಒಂಟೆಮುಳ್ಳಿನ ಮರದ ಕೆಂಡದ ಮೇಲೆ ಸುಟ್ಟ ಗೆಮ್ಸ್‌ಬಾಕ್ ತುಂಡಿನ ರುಚಿ ಬರೆಯಲು ಬರಲ್ಲ.

1996ರಿಂದ ಹಳ್ಳಿಯವರ ಸಾಮೂಹಿಕ ಜಮೀನಿನಲ್ಲೂ ಕನ್ಸರ್ವೆನ್ಸಿ ಅಂತ ಮಾಡಿದ್ದಾರೆ, ಈಗ 86 ಇವೆ. ಅಲ್ಲಿ ಬೇಟೆಯ ದುಡ್ಡೂ ಮಾಂಸವೂ ಊರಿಗೆ ಹೋಗುತ್ತದೆ. ಬೇಟೆ ಸರಿಯಾ ತಪ್ಪಾ ಅಂತ ನನ್ನ ಜೊತೆ ಜಗಳ ಆಡುವವರಿಗೆ ನಾನು ಇದನ್ನು ತೋರಿಸುತ್ತೇನೆ. ಒಪ್ಪುವವರು ಕಡಿಮೆ, ಇರಲಿ.

ಮನೆಯವರು ಸಸ್ಯಾಹಾರಿ. ಕರಕೊಂಡು ಹೋಗಬಹುದಾ?

ಮೊದಲೇ ಬರೆದು ತಿಳಿಸಿದರೆ ಊಟಕ್ಕೆ ತೊಂದರೆ ಇಲ್ಲ. ಮೆಕ್ಕೆಜೋಳದ ಹಿಟ್ಟಿನ ಪಾಪ್ ಅಂತ ಮಾಡುತ್ತಾರೆ, ಮೇಲೆ ಟೊಮೆಟೊ ಗೊಜ್ಜು. ಉತ್ತರದ ಓವಾಂಬೋ ಜನ ಸಜ್ಜೆ ಹಿಟ್ಟಿನಲ್ಲಿ ಮಾಡುವುದಂತೂ ನಮ್ಮ ಮುದ್ದೆಯೇ. ಒಂದು ಉಪ್ಪಿನಕಾಯಿ ಬಾಟಲಿ ಇದ್ದರೆ ಸಾಕು. ಬೇಟೆ ಆಡದವರಿಗೆ ದಿನದ ದರ ಕಡಿಮೆ, ಹೆಚ್ಚಾಗಿ ಅರ್ಧ. ಆದರೆ ಐದು ದಿನ ಫಾರ್ಮಿನಲ್ಲಿ ಕೂರಿಸಬೇಡಿ, ಬೇಸರಪಟ್ಟು ನಿಮ್ಮನ್ನೇ ಬೇಟೆ ಆಡುತ್ತಾರೆ. ಮುಗಿದ ಮೇಲೆ ಎಟೋಶಾ ಅಭಯಾರಣ್ಯಕ್ಕೋ ಸೊಸ್ಸುಸ್‌ಫ್ಲೈ ಮರಳುದಿಬ್ಬಕ್ಕೋ ಮೂರು ದಿನ ಇಟ್ಟುಕೊಳ್ಳಿ. ಬಾಡಿಗೆ ಕಾರಾದರೆ ಕತ್ತಲಾದ ಮೇಲೆ ಓಡಿಸಬೇಡಿ. ಜಲ್ಲಿ ರಸ್ತೆಗೆ ಕೂಡು ಯಾವಾಗ ಹಾರುತ್ತೋ ಹೇಳಲಾಗದು.

ವೀಸಾ, ಸೂಜಿ, ಮಲೇರಿಯಾ?

2025ರ ಏಪ್ರಿಲ್ 1ರಿಂದ ಅಮೆರಿಕ, ಬ್ರಿಟನ್, ಜರ್ಮನಿ ಸೇರಿ ಹಲವು ದೇಶಗಳ ಪಾಸ್‌ಪೋರ್ಟಿಗೂ ವೀಸಾ ಬೇಕು, 1600 ನಮೀಬಿಯಾ ಡಾಲರ್. ಭಾರತದ ಪಾಸ್‌ಪೋರ್ಟ್ ಇರುವವರು ಟಿಕೆಟ್ ಮಾಡುವ ಮೊದಲೇ ವೀಸಾ ಕೆಲಸ ಮುಗಿಸಿ. ನಮೀಬಿಯಾ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬೆಲೆ ಒಂದೇ, ರ‍್ಯಾಂಡ್ ಅಲ್ಲಿ ನಡೆಯುತ್ತದೆ.

ಮಲೇರಿಯಾ ಹೆಚ್ಚು ಉತ್ತರದ ಗಡಿ ಕಡೆ. ಮಧ್ಯ ಮತ್ತು ದಕ್ಷಿಣದ ಫಾರ್ಮ್‌ಗಳಲ್ಲಿ ಚಿಂತೆ ಕಡಿಮೆ, ಆದರೂ ವೈದ್ಯರನ್ನು ಕೇಳಿ. ಅಡಿಸ್ ಅಬಾಬಾ ಮೂಲಕ ಹೋಗಿಬರುವವರು ಹಳದಿ ಜ್ವರದ ಸೂಜಿ ಹಾಕಿಸಿ, ಹೊರಡುವ ಹತ್ತು ದಿನ ಮೊದಲಾದರೂ. ಈ ವಿಷಯದಲ್ಲಿ ಭಾರತದ ವಿಮಾನ ನಿಲ್ದಾಣಗಳಲ್ಲಿ ತುಂಬಾ ಕಟ್ಟುನಿಟ್ಟು.

ಆಫ್ರಿಕಾ ಬೇಡ ಅನ್ನುವವರಿಗೆ?

ಟೆಕ್ಸಾಸ್‌ನಲ್ಲಿ ಇರುವವರು ವಿದೇಶಕ್ಕೇ ಹೋಗಬೇಕಿಲ್ಲ. ಅಲ್ಲಿನ ರ‍್ಯಾಂಚ್‌ಗಳಲ್ಲಿ ನಮ್ಮ ಕೃಷ್ಣಮೃಗ, ನೀಲಗಾಯ್, ಚುಕ್ಕೆ ಜಿಂಕೆ ಓಡಾಡುತ್ತಿವೆ. ಊರಲ್ಲಿ ಮುಟ್ಟಿದರೆ ಜೈಲು, ಅಲ್ಲಿ ದರಪಟ್ಟಿ. ವಿಚಿತ್ರ ಅನಿಸುತ್ತೆ. ನ್ಯೂಜಿಲೆಂಡ್‌ನಲ್ಲಿ ಜಿಂಕೆಗಳೆಲ್ಲ ಹೊರಗಿಂದ ತಂದವು, 1904ರಲ್ಲಿ ಬಿಟ್ಟ ಹಿಮಾಲಯದ ತಾರ್ ಕೂಡ ಇದೆ. ಸರ್ಕಾರಿ ಕಾಡಿನಲ್ಲಿ ಬೇಟೆ ಪರ್ಮಿಟ್ ಪುಕ್ಕಟೆ. ಆದರೆ ಬೆಟ್ಟ ಹತ್ತಲು ಮೊಣಕಾಲು ಗಟ್ಟಿ ಇರಬೇಕು. ಆಕ್ಲೆಂಡ್ ಕಡೆ ಇರುವ ಕನ್ನಡದವರು ಇದನ್ನು ಬಿಟ್ಟು ಬೇರೆ ಯೋಚಿಸುವುದೇ ಬೇಡ. ಯೂರೋಪಿನಲ್ಲಿ ಹಂದಿಗೆ ಹಂಗೇರಿ ಒಳ್ಳೆಯದು, ವಾರಾಂತ್ಯದಲ್ಲಿ ಮುಗಿಯುತ್ತದೆ.

ಬ್ಯಾಗಿನಲ್ಲಿ ಏನಿರಬೇಕು?

ಪಳಗಿದ ಬೂಟು, ಹೊಸದು ಬೇಡ. ಮಾಸಲು ಹಸಿರು ಅಥವಾ ಕಂದು ಬಣ್ಣದ ಎರಡು ಜೊತೆ ಬಟ್ಟೆ ಸಾಕು, ದಿನಾ ಒಗೆದು ಕೊಡುತ್ತಾರೆ. ದುರ್ಬೀನು ಒಳ್ಳೆಯದಿರಲಿ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಬರೀ ಟೀ ಶರ್ಟ್ ತುಂಬಿಕೊಂಡು ಹೋಗಿದ್ದೆ. ಜೂನ್ ಬೆಳಗಿನ ಜಾವ ತೆರೆದ ಜೀಪಿನ ಹಿಂದೆ ನಿಂತಾಗ ಹಲ್ಲು ಕಟಕಟ, ಬೆರಳು ಟ್ರಿಗರ್ ಮೇಲೆ ಮಡಚಲ್ಲ. ಟ್ರ್ಯಾಕರ್ ತನ್ನ ಕೋಟು ಬಿಚ್ಚಿ ಕೊಟ್ಟ. ಈಗ ಊರಿಂದ ಅಮ್ಮ ಕಳಿಸಿದ ಮಂಕಿ ಕ್ಯಾಪ್ ಎರಡು ಒಯ್ಯುತ್ತೇನೆ, ಒಂದು ನನಗೆ, ಒಂದು ಅವನಿಗೆ.